ಉಂಡವಳು ನಾನು, ತೇಗಿದವಳು ನೀಲವ್ವ

ನಮ್ಮ ಹಾಸ್ಟೆಲಿನಲ್ಲಿ ನಾನು ಉಂಡರೆ ನೀಲವ್ವನ ಹೊಟ್ಟೆ ತುಂಬುತ್ತಿತ್ತು, ನೀಲವ್ವ ಉಂಡರೆ ನನ್ನ ಹೊಟ್ಟೆ. ರುಚಿ ಮಾತ್ರ ಉಂಡವಳ ನಾಲಗೆಗೇ. ಇದನ್ನು ಕೇಳಿ ಯಾರಾದರೂ ಕಣ್ಣರಳಿಸಿದರೆ ಅವರು ನಮ್ಮ ವಿಶ್ವವಿದ್ಯಾಲಯದ ಊರಿಗೆ ಹೊಸಬರು ಎಂದು ತಿಳಿಯಬೇಕು. ಆ ಊರಿನಲ್ಲಿ ಹಾಸ್ಟೆಲ್ ಹುಡುಗಿಯರನ್ನು ಕಂಡರೆ ಯಾರೂ ‘ಊಟ ಆಯ್ತಾ?’ ಎಂದು ಕೇಳುವುದಿಲ್ಲ, ‘ನಿನ್ನ ಜೋಡಿ ಉಂಡಳಾ?’ ಎನ್ನುತ್ತಾರೆ. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಎರಡನೆಯ ಮಸಾಲೆ ದೋಸೆ ಹೇಳಿದರೆ ಸಪ್ಲೈಯರ್ ‘ಪಾಪ, ಆ ಹುಡುಗಿ ತಡ್ಕೋತಾಳೇನಮ್ಮಾ?’ ಎಂದು ಗದರುತ್ತಾನೆ. ಹೊಟ್ಟೆನೋವೆಂದು ಕ್ಯಾಂಪಸ್ ಆಸ್ಪತ್ರೆಗೆ ಹೋದರೆ ಡಾಕ್ಟರು ತಲೆ ಕೂಡ ಎತ್ತದೆ, ‘ಜೋಡೀನ ಕರ್ಕೊಂಡು ಬಾ, ಮಾತ್ರೆ ಅವಳು ನುಂಗಬೇಕು’ ಎಂದುಬಿಡುತ್ತಾರೆ. ಊಟದ ಹೊತ್ತಿಗೆ ಮುಂಚೆ ಯಾರೂ ಜೋಡಿಯ ಜೊತೆ ಜಗಳ ಆಡುವುದಿಲ್ಲ. ಆಡಿದರೆ ಅವಳು ಬೇಕೆಂದೇ ಹಸಿಮೆಣಸಿನಕಾಯಿ ನುಂಗುತ್ತಾಳೆ, ಹೊಟ್ಟೆಯ ಉರಿ ನಮಗೆ. ನಾವೂ ಒಗ್ಗಿಕೊಂಡೆವು. ಒಗ್ಗದೆ ಏನು ಮಾಡುವುದು, ಸೀಟು ಸಿಕ್ಕಿದ್ದೇ ಪುಣ್ಯ.

ಸೇರಿದ ದಿನ ಮೆಸ್ಸಿನಲ್ಲಿ, ವಾರ್ಡನ್ ಇಂದುಮತಿ ಮೇಡಂ ಎದುರು, ತಟ್ಟೆ ಬದಲಾಯಿಸಿಕೊಳ್ಳುವುದು ಪದ್ಧತಿ. ಒಂದು ಕೋಣೆಗೆ ಇಬ್ಬರು. ಮನೆಯಿಂದ ತಂದ ತಟ್ಟೆಯನ್ನು ಜೋಡಿಗೆ ಕೊಡಬೇಕು, ಅವಳದನ್ನು ನಾವು ಇಟ್ಟುಕೊಳ್ಳಬೇಕು. ರಜೆಗೆ ಹೊರಡುವಾಗ ತಂತಮ್ಮ ತಟ್ಟೆ ವಾಪಸ್ಸು ಪಡೆದರಾಯಿತು, ಅವರವರ ಹೊಟ್ಟೆ ಅವರವರಿಗೆ. ನನ್ನದು ಅಗಲವಾದ ಸ್ಟೀಲ್ ತಟ್ಟೆ. ಅಂಚಿನಲ್ಲಿ ‘ಚಿ. ಸೌ. ಲಲಿತಳಿಗೆ ಸೋದರಮಾವನ ಉಡುಗೊರೆ’ ಎಂದು ಚುಕ್ಕಿಚುಕ್ಕಿಯಾಗಿ ಕೆತ್ತಿಸಿದ್ದು. ಲಲಿತ ಎಂದರೆ ನನ್ನಮ್ಮ. ಅಮ್ಮನ ಮದುವೆಯ ಆ ತಟ್ಟೆಯಲ್ಲಿ ಉಂಡೇ ನಾನು ಬೆಳೆದದ್ದು, ಬೆಳೆದದ್ದು ಎಂದರೆ ಎಲ್ಲ ದಿಕ್ಕಿಗೂ. ಎದುರು ನಿಂತ ಕಡ್ಡಿಯಂಥ ಹುಡುಗಿ ನನ್ನ ಕೈಗಿಟ್ಟದ್ದು ಒಂದು ನಗ್ಗಿದ ಅಲ್ಯೂಮಿನಿಯಂ ತಟ್ಟೆ. ಹೆಸರಿರಲಿಲ್ಲ. ಹಿಂಭಾಗದಲ್ಲಿ ಮೊಳೆಯಿಂದ ಗೀರಿದ ‘೩೧’ ಇತ್ತು.

‘ಇದೇನಿದು?’ ಎಂದೆ.

‘ಆಶ್ರಮದಾಗ ನನ್ನ ನಂಬರ್. ಅಲ್ಲೆ ಅನಾಥ ಮಕ್ಕಳಿಗೆಲ್ಲಾ ತಟ್ಟಿ ಮ್ಯಾಲೆ ನಂಬರ್ ಇರ್ತೈತಿ. ಹೆಸರು ನೀಲವ್ವ. ನಿಂದು?’

‘ಸರ್ವಮಂಗಳ.’

‘ಯಪ್ಪಾ! ಅಷ್ಟುದ್ದ ಕರಿಯೂದ್ರಾಗ ಊಟ ಮುಗೀತೈತಿ. ಮಂಗ್ಳಿ ಅಂತೀನಿ.’

ಕೇಳಲಿಲ್ಲ, ಹೇಳಿದಳು. ಅಂದಿನಿಂದ ನಾನು ಮಂಗ್ಳಿ.

ಮೊದಮೊದಲು ನನಗಾದ ಪಾಡು ನಾಯಿಗೂ ಬೇಡ. ನೀಲವ್ವ ತಿನ್ನುತ್ತಿದ್ದದ್ದು ಗುಬ್ಬಿಯಷ್ಟು. ಅವಳ ನಾಲ್ಕು ತುತ್ತಿಗೆ ನನ್ನ ಹೊಟ್ಟೆಯ ಒಂದು ಮೂಲೆಯೂ ತುಂಬುತ್ತಿರಲಿಲ್ಲ. ಹಸಿವು ತಾಳದೆ ನಾನು ಇನ್ನಷ್ಟು ಬಡಿಸಿಕೊಂಡು ತಿನ್ನುತ್ತಿದ್ದೆ. ನಾನು ತಿಂದಷ್ಟೂ ಅವಳ ಹೊಟ್ಟೆ ಬಿರಿಯುತ್ತಿತ್ತು. ಹೊಟ್ಟೆ ಬಿರಿದವಳು ಇನ್ನೂ ಕಡಿಮೆ ತಿನ್ನುತ್ತಿದ್ದಳು, ಅವಳು ಕಡಿಮೆ ತಿಂದಷ್ಟೂ ನನ್ನ ಹಸಿವು ಏರುತ್ತಿತ್ತು. ಹೀಗೆ ಮುದ್ದೆಯ ಮೇಲೆ ಮುದ್ದೆ ನುಂಗುತ್ತ ನಾನು ಸೊರಗಿದೆ, ಖಾಲಿ ತಟ್ಟೆಯ ಮುಂದೆ ಕೂತ ಅವಳು ದುಂಡಗಾದಳು. ನಾನು ಮೂರನೆಯ ಸಲ ಅನ್ನಕ್ಕೆ ಕೈ ಚಾಚಿದಾಗ ನೀಲವ್ವ ಬೆಂಚಿನ ಮೇಲೆ ಒರಗಿಕೊಂಡು, ‘ನಿನ್ನ ಕಾಲಿಗೆ ಬೀಳ್ತೀನವಾ ಮಂಗ್ಳಿ, ಸಾಕ್ ಮಾಡು. ಉಸುರು ಬಿಡಾಕ ಜಾಗ ಇಲ್ಲ’ ಎನ್ನುತ್ತಿದ್ದಳು.

‘ಮೊದಲು ನೀನು ತಿನ್ನೇ ಮಾರಾಯ್ತಿ! ನಂಗೆ ಕಣ್ಣು ಕತ್ತಲೆ ಬರ್ತಿದೆ.’

‘ಹಸೀಲಾರದ ನನಗ ಒಂದು ತುತ್ತೂ ಇಳಿಯಂಗಿಲ್ಲ. ಸಣ್ಣಾಕಿ ಇದ್ದಾಗಿಂದ ಹಂಗ.’

ಪಕ್ಕದ ಕೋಣೆಯ ಸೀನಿಯರ್ ರೇವತಕ್ಕ ನಮ್ಮಿಬ್ಬರ ಅವಸ್ಥೆ ನೋಡಿ ಬಿದ್ದುಬಿದ್ದು ನಕ್ಕಳು. ‘ನಿನ್ನ ಹೊಟ್ಟೆ ತುಂಬಬೇಕಾದ್ರೆ ನೀನು ಕೈ ಎತ್ತಬೇಕು ಕಣೇ ದಡ್ಡಿ. ನೀನು ಬಿಟ್ರೆ ಅವಳಿಗೆ ಹಸಿಯತ್ತೆ, ಹಸಿದ್ರೆ ಅವಳು ತಿಂತಾಳೆ, ತಿಂದ್ರೆ ನಿಂಗೆ ತುಂಬತ್ತೆ.’ ಹೇಳುವುದು ಸುಲಭ. ನಮ್ಮ ಅಡುಗೆ ಚೌಡಪ್ಪ ಬಿಸಿ ಮುದ್ದೆಯನ್ನು ತಟ್ಟೆಗೆ ಉರುಳಿಸಿ ನೆತ್ತಿಯ ಮೇಲೆ ಬಸ್ಸಾರು ಸುರಿದಾಗ ಕೈ ಎತ್ತುವುದು ಯಾವ ಋಷಿಗೆ ಸಾಧ್ಯ? ಆದರೂ ಕಲಿತೆ. ಅರ್ಧ ಹೊಟ್ಟೆಗೆ, ಅಂದರೆ ಅವಳ ಅರ್ಧ ಹೊಟ್ಟೆಗೆ, ನಿಲ್ಲಿಸುವುದನ್ನು ಕಲಿತೆ. ಆಗ ನೀಲವ್ವನ ಕೈ ತಾನಾಗಿ ತಟ್ಟೆಗೆ ಹೋಗುತ್ತಿತ್ತು, ನನ್ನೊಳಗೆ ತಣ್ಣಗೆ ಏನೋ ಇಳಿದು ಕೂರುತ್ತಿತ್ತು. ಹುಟ್ಟಿದ ಮೇಲೆ ನಾನು ಇನ್ನೊಬ್ಬರ ಹಸಿವೆಗೆ ಕಾದದ್ದು ಅದೇ ಮೊದಲು.

ವರ್ಷದ ಪರೀಕ್ಷೆ ಹತ್ತಿರ ಬಂತು. ಒಂದು ಮಧ್ಯಾಹ್ನ ಇಂದುಮತಿ ಮೇಡಂ ಮೆಸ್ಸಿಗೆ ಬಂದು, ಬೇಸಿಗೆ ರಜೆಯಲ್ಲಿ ಹಾಸ್ಟೆಲ್ ಮುಚ್ಚುತ್ತದೆ, ಎಲ್ಲರೂ ಕೋಣೆ ಖಾಲಿ ಮಾಡಿ ಬೀಗದ ಕೈ ಒಪ್ಪಿಸಬೇಕು ಎಂದರು. ನನಗೆ ಆಗಲೇ ಅಮ್ಮನ ಸೀಕರಣೆ ಕಣ್ಣ ಮುಂದೆ ಬಂತು. ನೀಲವ್ವ ತುತ್ತು ಕೈಯಲ್ಲಿ ಹಿಡಿದು ಹಾಗೇ ಕೂತಿದ್ದಳು.

‘ಯಾಕೇ? ನೀನೂ ಊರಿಗೆ ಹೋಗ್ತೀಯಲ್ಲ, ದಸರಾಗೆ ಹೋಗಿದ್ದ ಹಾಗೆ?’

‘ದಸರಾಕ್ಕ ಬಸ್ ಸ್ಟ್ಯಾಂಡಿನ್ಯಾಗ ಇದ್ದೆ’ ಎಂದಳು, ಪಾಠದ ವಿಷಯ ಹೇಳುವಷ್ಟು ಸಲೀಸಾಗಿ. ‘ಹದಿನೆಂಟು ತುಂಬಿದ ಮ್ಯಾಲೆ ಆಶ್ರಮದಾಗ ಇಟ್ಕೊಳ್ಳಂಗಿಲ್ಲ. ಮತ್ಯಾವೂರಿಗೆ ಹೋಗ್ಲಿ? ಆವಾಗ ನಾಕು ದಿನ, ಹೆಂಗೋ ನಡೀತು. ಈಗ ಎರಡು ತಿಂಗಳು.’

ದಸರೆಯಲ್ಲಿ ನಮ್ಮ ತಟ್ಟೆ ನಮ್ಮ ನಮ್ಮ ಹತ್ತಿರ ಇತ್ತು. ಹಾಗಾಗಿ ಅವಳು ಬಸ್ ಸ್ಟ್ಯಾಂಡಿನಲ್ಲಿ ಉಂಡಳೋ ಬಿಟ್ಟಳೋ ನನ್ನ ಹೊಟ್ಟೆಗೆ ಗೊತ್ತಾಗಲೇ ಇಲ್ಲ. ಆಗ ನಾನು ಮನೆಯಲ್ಲಿ ಕೋಡುಬಳೆ ಕಡಿಯುತ್ತಿದ್ದೆ. ನನಗೆ ಅಳು ಬಂತು, ಜೊತೆಗೆ ಸಿಟ್ಟೂ ಬಂತು. ‘ನಮ್ಮನೆಗೆ ಬಾರೇ. ಅಮ್ಮ ನಿನ್ನ ತಲೆ ಮೇಲೆ ಕೂರಿಸ್ಕೋತಾಳೆ’ ಎಂದೆ.

‘ಬರ್ತೀನಿ, ಹಬ್ಬಕ್ಕ. ಎರಡು ದಿನ ಇದ್ದು ಬರ್ತೀನಿ. ಆದ್ರ ಮಂಗ್ಳಿ, ಹುಟ್ಟಿದಾಗಿಂದ ಯಾರೋ ಕರದಲ್ಲೆ ಇದ್ದೀನಿ. ನನಗ ಕರಿಯೋರ ಮನಿ ಬ್ಯಾಡ. ನಾನs ಬೀಗ ತಗದು ಒಳಗ ಹೋಗೂ ಅಂಥ ಒಂದು ಕೋಣಿ ಬೇಕು. ಈ ಕೋಣಿ ನಂದು ಅಂತ ತಿಳ್ಕೊಂಡಿದ್ದೆ.’

ನೀಲವ್ವ ಮೇಡಂ ಹತ್ತಿರ ಹೋಗಿ ಕೇಳಿದಳು, ಒಬ್ಬಳಿಗಾಗಿ ಇಷ್ಟು ದೊಡ್ಡ ಕಟ್ಟಡ ತೆರೆದಿಡಲಾಗುವುದಿಲ್ಲ ಎಂದರು. ಒಬ್ಬಳಲ್ಲ, ವಿಚಾರಿಸಿದರೆ ಹೋಗಲು ಜಾಗವಿಲ್ಲದ ಇನ್ನೂ ಕೆಲವರು ಬಾಯಿಬಿಟ್ಟರು. ಕುಲಪತಿಗಳ ಕಚೇರಿಯಲ್ಲಿ ನೋಡೋಣ ಎಂದರು. ನೋಡೋಣ ಎಂದರೆ ಇಲ್ಲ ಎಂದು ಯಾರಿಗೆ ಗೊತ್ತಿಲ್ಲ? ಪರೀಕ್ಷೆ ಮುಗಿದ ಮರುದಿನ ಬೆಳಿಗ್ಗೆ ನೀಲವ್ವ ಹಾಸ್ಟೆಲ್ ಗೇಟಿನ ಹುಣಸೆಮರದ ಕೆಳಗೆ ಚಾಪೆ ಹಾಸಿ ಉಪವಾಸ ಕೂತಳು.

ನಮ್ಮ ಹಾಸ್ಟೆಲಿನಲ್ಲಿ ಉಪವಾಸ ಎಂದರೆ ಊರಿಗೇ ನಗೆ. ಹಿಂದೊಮ್ಮೆ ಸಾರು ನೀರಾಗಿದೆ ಎಂದು ಉಪವಾಸ ಕೂತವರು ಬೀಗರ ಊಟ ಮುಗಿಸಿದವರ ಹಾಗೆ ಮೈ ತುಂಬಿಕೊಂಡು ಎದ್ದು ಹೋಗಿದ್ದರಂತೆ. ಜೋಡಿ ಒಳಗೆ ಉಣ್ಣುತ್ತಿದ್ದರೆ ಹೊರಗೆ ಕೂತವಳಿಗೆ ಹಸಿವೆಲ್ಲಿಂದ ಬರಬೇಕು? ದಾರಿಯಲ್ಲಿ ಹೋಗುವವರು ‘ಇವತ್ತೇನಮ್ಮಾ ಸ್ಪೆಷಲ್ಲು?’ ಎಂದು ನೀಲವ್ವನನ್ನು ಕೇಳಿಕೊಂಡು ಹೋಗುತ್ತಿದ್ದರು. ನಿಜಕ್ಕೂ ಹಸಿದದ್ದು ಯಾರು? ನಾನು! ಅವಳ ಬಾಯಿಗೆ ಏನೂ ಹೋಗುತ್ತಿರಲಿಲ್ಲವಲ್ಲ, ನನ್ನ ಹೊಟ್ಟೆ ತಮಟೆಯಾಗಿತ್ತು. ಸತ್ಯಾಗ್ರಹ ಅವಳದು, ಸಂಕಟ ನನ್ನದು. ಕೊಟ್ಟೋಳು ಕೋಡಂಗಿ ಎಂದು ಗೊಣಗುತ್ತ ಮೆಸ್ಸಿನಲ್ಲಿ ಎರಡು ತುತ್ತು ಮಾತ್ರ ತಿಂದು ಏಳುತ್ತಿದ್ದೆ.

ಎರಡನೆಯ ದಿನ ಇಂದುಮತಿ ಮೇಡಂ ನನ್ನನ್ನು ತಮ್ಮ ಕ್ವಾರ್ಟರ್ಸಿಗೆ ಕರೆಸಿಕೊಂಡರು. ಅವರೂ ಹಿಂದೆ ಇದೇ ಹಾಸ್ಟೆಲಿನಲ್ಲಿ ಇದ್ದವರು, ಯಾವ ಕೀಲಿ ಎಲ್ಲಿದೆ ಎಂದು ಬಲ್ಲವರು. ‘ಪಾಪ, ಅವಳು ಅಲ್ಲಿ ಕೂತುಬಿಟ್ಟಳು, ನಿನಗೆಷ್ಟು ಹಸಿವಾಗಿದೆಯೋ ಏನೋ. ಬಾ ಮಗು’ ಎಂದು ಮಣೆ ಹಾಕಿದರು. ಕೇಸರಿಬಾತು, ತುಪ್ಪ ಅಂಚಿನಲ್ಲಿ ನಿಂತಿತ್ತು. ಜೊತೆಗೆ ಆಗತಾನೆ ಬಾಣಲೆಯಿಂದ ಇಳಿದ ಉದ್ದಿನ ವಡೆ. ಹಸಿದ ಹೊಟ್ಟೆಗೆ ಬುದ್ಧಿ ಇರುತ್ತದೆಯೇ? ತಿಂದೆ. ತಿಂದರೂ ಹೊಟ್ಟೆ ತುಂಬಲಿಲ್ಲ, ಹಾಗಾಗಿ ಇನ್ನೂ ತಿಂದೆ. ಮೇಡಂ ಬಡಿಸುತ್ತಲೇ ಹೋದರು.

ಅದೇ ಹೊತ್ತಿಗೆ ಗೇಟಿನ ಹತ್ತಿರ ಕುಲಪತಿಗಳ ಕಾರು ಬಂದು ನಿಂತಿತ್ತು. ಜನ ಸೇರಿದ್ದರು. ನೀಲವ್ವ ಎದ್ದು ನಿಂತು ಕೈ ಮುಗಿದು, ‘ಸರ್, ನಿನ್ನೆಯಿಂದ ನನ್ನ ಹೊಟ್ಟಿಗೆ ಒಂದು ಅಗಳೂ...’ ಎನ್ನುವಷ್ಟರಲ್ಲಿ ಡರ್ರೆಂದು ತೇಗಿದಳಂತೆ. ಎಂಥ ತೇಗು! ಹುಣಸೆಮರದ ಕಾಗೆಗಳು ಎದ್ದವು ಎಂದು ರೇವತಕ್ಕ ಆಣೆ ಮಾಡಿ ಹೇಳಿದಳು. ಕುಲಪತಿಗಳು ನಗು ತಡೆದುಕೊಂಡು, ‘ಊಟ ಚೆನ್ನಾಗಿತ್ತೇನಮ್ಮಾ?’ ಎಂದು ಕೇಳಿ ಕಾರು ಹತ್ತಿದರು. ಸೇರಿದ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಾನು ಗೇಟಿಗೆ ಬಂದಾಗ ನೀಲವ್ವ ಚಾಪೆಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದಳು. ‘ಏನಿತ್ತು?’ ಎಂದಳು.

‘ಕೇಸರಿಬಾತು.’

‘ಅಷ್ಟs?’

‘ವಡೇನೂ ಇತ್ತು.’

‘ರುಚಿ ಇತ್ತೇನು?’

‘ಹ್ಞೂಂ, ಇತ್ತು ಕಣೇ’ ಎಂದೆ ತಲೆ ತಗ್ಗಿಸಿ. ಅವಳಿಗೆ ನಗು ಬಂದುಬಿಟ್ಟಿತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಆಮೇಲೆ ನಗು ನಿಂತರೂ ನೀರು ನಿಲ್ಲಲಿಲ್ಲ. ‘ನಾ ಇಲ್ಲೆ ಕೂತಿದ್ದಕ್ಕ ಹಸಿಯಾಕಿ ನೀನು. ನಿನಗ ತಿನ್ಬ್ಯಾಡ ಅನ್ನಾಕ ನನಗ ಬಾಯಿಲ್ಲ. ಆದ್ರ ನೀ ತಿಂದ್ರ ನಂದು ನಾಟಕ ಆಗ್ತೈತಿ, ಮಂಗ್ಳಿ. ನಾಳೆ ಮುಂಜಾನಿ ಬೀಗ ಹಾಕ್ತಾರ.’

ನನಗೆ ಮೇಡಂ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ನನ್ನ ನಾಲಗೆಯ ಮೇಲೆ. ‘ಸರಿ, ಜರುಗು’ ಎಂದು ಅವಳ ಪಕ್ಕದಲ್ಲಿ ಧಡಂ ಎಂದು ಕೂತೆ. ಇನ್ನು ನಾನೂ ಮುಟ್ಟುವುದಿಲ್ಲ ಎಂದೆ. ನೀಲವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನಂಬಲಿಲ್ಲ. ನಾನೇ ನಂಬಿರಲಿಲ್ಲ.

ಮರುದಿನ ಬೆಳಿಗ್ಗೆ ಚೌಡಪ್ಪ ಮುಚ್ಚಿದ ಪಾತ್ರೆ ಹಿಡಿದು ಬಂದ. ಮೇಡಂ ಕಳಿಸಿದ್ದು. ಮುಚ್ಚಳ ತೆಗೆದರೆ ಮತ್ತೆ ಅದೇ ಕೇಸರಿಬಾತು, ಈ ಸಲ ಗೋಡಂಬಿ ಮೇಲೆಯೇ ಕಾಣುವ ಹಾಗೆ. ಅಷ್ಟು ಹೊತ್ತಿಗೆ ನನ್ನ ಹೊಟ್ಟೆಯೂ ಖಾಲಿ, ಬಾಯಿಯೂ ಖಾಲಿ. ಬಾಯಿಗಾದರೂ ಕೆಲಸವಿದ್ದರೆ ಹಸಿವು ಮರೆಯಬಹುದು, ಅದೂ ಇಲ್ಲ. ಏಲಕ್ಕಿಯ ಘಮ ಮೂಗಿಗೆ ಬಡಿದು ಜೀವ ಬಾಯಿಗೆ ಬಂತು. ‘ಬೇಡ’ ಎಂದೆ.

‘ಯಾರಿಗೆ ಬ್ಯಾಡ?’ ಎಂದ ಚೌಡಪ್ಪ.

‘ನನಗೆ.’

ಅವನು ಪಾತ್ರೆ ಕೆಳಗಿಟ್ಟು ನನ್ನ ಹಣೆ ಮುಟ್ಟಿ ನೋಡಿದ. ‘ಜ್ವರ ಇಲ್ವಲ್ಲವ್ವಾ’ ಎಂದು ಗಾಬರಿಯಾಗಿ ಒಳಗೆ ಓಡಿದ. ಮಂಗ್ಳಿ ಕೇಸರಿಬಾತು ಬೇಡ ಅಂದಳಂತೆ ಎಂಬ ಸುದ್ದಿ ಮೆಸ್ಸಿಗೆ ಹೋಯಿತು, ಮೆಸ್ಸಿನಿಂದ ಲೈಬ್ರರಿಗೆ, ಅಲ್ಲಿಂದ ಬಸ್ ಸ್ಟ್ಯಾಂಡಿಗೆ. ದೋಸೆ ಹೋಟೆಲಿನ ಸಪ್ಲೈಯರ್ ಹೆಗಲ ಮೇಲೆ ಒರೆಸುವ ಬಟ್ಟೆ ಹಾಕಿಕೊಂಡೇ ನೋಡಲು ಬಂದ. ‘ಹೌದು ಕಣ್ರೀ, ಆ ದಪ್ಪ ಹುಡುಗೀನೇ ಬಿಟ್ಟಿದಾಳೆ ಅಂದ್ರೆ ವಿಷಯ ಸೀರಿಯಸ್ಸೇ’ ಎಂದು ಪಕ್ಕದವನಿಗೆ ಹೇಳಿದ. ಸೊರಗಿ ಕಡ್ಡಿಯಾದವಳನ್ನು ದಪ್ಪ ಹುಡುಗಿ ಅನ್ನುತ್ತಾನಲ್ಲ ಎಂದು ಉರಿದುಹೋಯಿತು, ಆದರೆ ಜಗಳವಾಡಲು ತ್ರಾಣವಿರಲಿಲ್ಲ. ಯಾರೂ ನಗಲಿಲ್ಲ. ಮೊದಲು ರೇವತಕ್ಕ ಬಂದು ತನ್ನ ತಟ್ಟೆಯನ್ನು ಚಾಪೆಯ ಮುಂದೆ ಬೋರಲು ಹಾಕಿ ಕೂತಳು. ಹಿಂದೆಯೇ ಅವಳ ಜೋಡಿ. ಆಮೇಲೆ ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಹೊರಟಿದ್ದವರೂ ಪೆಟ್ಟಿಗೆ ಬಿಚ್ಚಿ ತಟ್ಟೆ ತಂದರು. ಹುಣಸೆಮರದ ನೆರಳು ಸಾಲದಾಯಿತು.

ಚೌಡಪ್ಪ ಮೇಡಂ ಮುಂದೆ ಹೋಗಿ, ‘ಅನ್ನ ಹಂಡೇಲಿ ಹಂಗೇ ಕೂತದೆ, ಯಾರಿಗ್ ಬಡಿಸ್ಲಿ ತಾಯಿ?’ ಎಂದನಂತೆ. ಮೇಡಂ ಗೇಟಿಗೆ ಬಂದರು. ನಮ್ಮ ಎದುರು ಮಂಡಿಯೂರಿ ಕೂತು ನೀಲವ್ವನ ಹೊಟ್ಟೆಯ ಮೇಲೆ ಕೈಯಿಟ್ಟರು. ಹೊಟ್ಟೆ ಗುರ್ರೆಂದಿತು. ಹಳೇ ಹಾಸ್ಟೆಲಿನವರು, ಅವರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ‘ಗೋಡಂಬಿ ಕೂಡ ಮುಟ್ಟಲಿಲ್ವೇನೇ?’ ಎಂದರು. ಇಲ್ಲ ಎಂದು ತಲೆಯಾಡಿಸಿದೆ. ಎದ್ದು ಹೋಗಿ ಕುಲಪತಿಗಳಿಗೆ ಫೋನ್ ಮಾಡಿದರು. ಏನು ಹೇಳಿದರೋ ಗೊತ್ತಿಲ್ಲ, ಅವರ ದನಿ ಮಾತ್ರ ಗೇಟಿನವರೆಗೂ ಕೇಳಿಸುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ತೀರ್ಮಾನ ಬಂತು. ಹೋಗಲು ಜಾಗವಿಲ್ಲದವರು ರಜೆಯಲ್ಲೂ ತಮ್ಮ ತಮ್ಮ ಕೋಣೆಯಲ್ಲೇ ಇರಬಹುದು, ಬೀಗದ ಕೈ ಅವರ ಹತ್ತಿರವೇ. ಆದರೆ ಚೌಡಪ್ಪನಿಗೆ ರಜೆ, ಮೆಸ್ ನಡೆಯುವುದಿಲ್ಲ. ದಿನಸಿ ಇರುತ್ತದೆ, ತಾವೇ ಬೇಯಿಸಿಕೊಳ್ಳಬೇಕು. ಮೇಡಂ ತಂದ ನಿಂಬೆಹಣ್ಣಿನ ಪಾನಕವನ್ನು ನಾನೂ ನೀಲವ್ವನೂ ಒಂದೇ ಸಲಕ್ಕೆ ಎತ್ತಿದೆವು. ಒಬ್ಬಳು ಮೊದಲು ಕುಡಿದರೆ ಇನ್ನೊಬ್ಬಳ ಉಪವಾಸ ಮುಗಿದುಬಿಡುತ್ತದಲ್ಲ.

ಮಾರನೆಯ ದಿನ ನನ್ನ ಬಸ್ಸು. ನೀಲವ್ವ ಅಮ್ಮನ ಸ್ಟೀಲ್ ತಟ್ಟೆಯನ್ನು ಹುಣಸೆಹಣ್ಣು ಹಾಕಿ ಫಳಫಳ ತೊಳೆದು ಗೇಟಿಗೆ ತಂದಿದ್ದಳು. ನಾನು ಕೈ ಚಾಚಲಿಲ್ಲ.

‘ಇಟ್ಕೋ. ನಿಂದು ನನ್ನ ಚೀಲದಲ್ಲಿದೆ, ಕೊಡಲ್ಲ.’

‘ಹುಚ್ಚು ಹಿಡದೈತೇನು?’

‘ಅಮ್ಮನ ಅಡುಗೆ ನಿನಗೆ ಮುಟ್ಟಲಿ ಅಂತ.’

‘ಮುಟ್ಟತೈತಿ, ಖರೆ. ನಿನಗ್ಯಾರು ಉಣ್ಣೋರು? ನನಗ ಅಡಗಿ ಬರಂಗಿಲ್ಲ. ನಿಮ್ಮವ್ವನ ಕೈಲೆ ಹೊಟ್ಟಿ ತುಂಬಿದ ಮ್ಯಾಲೆ ಹಸೀಲಾರದ ನನಗ ತುತ್ತು ಇಳಿಯಂಗಿಲ್ಲ. ನೀ ಮನಿಯೊಳಗ ಉಪವಾಸ ಸಾಯ್ತಿ.’

‘ಅಡುಗೆಮನೆ ಬೀಗದ ಕೈ ನಿನ್ನ ಹತ್ರಾನೇ ಇದೆಯಲ್ಲ. ಕಲಿ’ ಎಂದು ಗೇಟಿನ ಮುಂದೆ ನಿಂತ ಬಸ್ಸು ಹತ್ತಿಬಿಟ್ಟೆ. ಕಿಟಕಿಯಿಂದ ನೋಡಿದರೆ ಎದೆಗೆ ತಟ್ಟೆ ಅವುಚಿಕೊಂಡು ನಿಂತಿದ್ದಳು. ದುಪಟ್ಟಾದ ತುದಿಗೆ ಬೀಗದ ಕೈ ಕಟ್ಟಿಕೊಂಡಿದ್ದಳು.

ನಮ್ಮ ಮನೆ ಅಪ್ಪನ ಹಿಟ್ಟಿನ ಗಿರಣಿಯ ಹಿಂದೆ. ಮಗಳು ಬರುತ್ತಾಳೆಂದು ಅಮ್ಮ ಹೋಳಿಗೆ ಮಾಡಿದ್ದಳು. ನಗ್ಗಿದ ತಟ್ಟೆ ನೋಡಿ, ‘ನನ್ನ ತಟ್ಟೆ ಎಲ್ಲೇ?’ ಎಂದಳು. ಎಲ್ಲ ಹೇಳಿದೆ. ಅಮ್ಮ ಆ ೩೧ ನಂಬರಿನ ತಟ್ಟೆಗೆ ಹೋಳಿಗೆ ಇಟ್ಟು ತುಪ್ಪ ಹಾಕಿದಳು. ಕೈ ಎತ್ತಬೇಕು ಎಂಬ ರೇವತಕ್ಕನ ಪಾಠ ನೆನಪಿತ್ತು. ಅರ್ಧಕ್ಕೆ ನಿಲ್ಲಿಸಿದರೆ ನೀಲವ್ವನಿಗೆ ಹಸಿಯುತ್ತದೆ, ಏನಾದರೂ ಬೇಯಿಸಿ ತಿನ್ನುತ್ತಾಳೆ, ನನ್ನ ಹೊಟ್ಟೆ ತುಂಬುತ್ತದೆ. ಆದರೆ ಅಷ್ಟು ದೊಡ್ಡ ಹಾಸ್ಟೆಲಿನಲ್ಲಿ ಜೋಡಿಯಿಲ್ಲದೆ ಅವಳಿಗೆ ಮೊದಲ ದಿನ. ಇವತ್ತೊಂದು ದಿನ ಅವಳ ಹೊಟ್ಟೆ ಹೋಳಿಗೆಯಿಂದಲೇ ತುಂಬಲಿ, ನನ್ನದು ಹೇಗೂ ಆಗುತ್ತದೆ ಎಂದುಕೊಂಡೆ. ಅಮ್ಮ ಸಾಕೆನ್ನುವವರೆಗೂ ತಿಂದೆ.

‘ಹೊಟ್ಟೆ ತುಂಬಿತೇನೇ?’ ಎಂದಳು ಅಮ್ಮ.

‘ಇಲ್ಲಮ್ಮ.’

ಗಿರಣಿಯಲ್ಲಿ ಮೂಟೆಗಳಿಗೆ ಒರಗಿ ಕೂತೆ. ಹೊಟ್ಟೆ ಚುರುಗುಟ್ಟುತ್ತಿತ್ತು. ಬಿಸಿಲು ಇಳಿಯುತ್ತ ಬಂದರೂ ಏನೂ ಆಗಲಿಲ್ಲ. ಪಾಪ, ಹೊಟ್ಟೆ ಬಿರಿಯುವಷ್ಟು ತುಂಬಿದೆ, ತನ್ನ ಕೋಣೆಯಲ್ಲಿ ಕಾಲು ಚಾಚಿ ಮಲಗಿರುತ್ತಾಳೆ, ಮಲಗಲಿ ಎಂದುಕೊಂಡೆ. ಅಷ್ಟರಲ್ಲಿ ಒಳಗೆ ಒಂದು ತುತ್ತು ಬಿತ್ತು. ಬಿಸಿಯಾಗಿ, ಗಟ್ಟಿಯಾಗಿ. ಬಹಳ ಹೊತ್ತಿನ ಮೇಲೆ ಇನ್ನೊಂದು. ಮತ್ತೆ ಬಹಳ ಹೊತ್ತಿಗೆ ಇನ್ನೊಂದು. ಇಳಿಯದ್ದನ್ನು ನೀರು ಕುಡಿದು ಕುಡಿದು ಇಳಿಸುತ್ತಿದ್ದಳು, ನನಗೆ ಒಂದೊಂದೂ ಗೊತ್ತಾಗುತ್ತಿತ್ತು. ಅನ್ನ ಬೆಂದಿರಲಿಲ್ಲ, ಕಲ್ಲಿನ ಹಾಗೆ ಕೂರುತ್ತಿತ್ತು. ಹಸಿವಿಲ್ಲದೆ ಒಂದಗಳೂ ಇಳಿಯದವಳು ನಿಲ್ಲಿಸಲೇ ಇಲ್ಲ.

ಅಮ್ಮ ಕಾಫಿ ಹಿಡಿದು ಬಂದವಳು ನನ್ನ ಮುಖ ನೋಡಿ ಗಾಬರಿಯಾದಳು. ‘ಅಯ್ಯೋ, ಯಾಕೇ ಅಳ್ತಿದೀಯಾ? ಏನಾಯ್ತೇ?’

ಹೇಳಬೇಕೆಂದು ಬಾಯಿ ತೆರೆದೆ. ಡರ್ರೆಂದು ಒಂದು ತೇಗು ಬಂತು.

‘ತುಂಬಿತಮ್ಮ’ ಎಂದೆ.